ವಿಳಂಬಮನ್ನಣೆಯ ನಿರಾಕರಣೆ ಮತ್ತು ಮೇಲ್ಮನವಿ ನ್ಯಾಯಾಲಯ: ಒಂದು ವಿಮರ್ಶೆ

ಬಾಬುರಾಯನಕೊಪ್ಪಲಿನ ರೈತನೊಬ್ಬನು ಗದ್ದೆಯ ಹಕ್ಕಿನ ದಾವೆಯಲ್ಲಿ ಶ್ರೀರಂಗಪಟ್ಟಣದ ನ್ಯಾಯಾಲಯದಲ್ಲಿ ಸೋತನೆಂದು ಭಾವಿಸೋಣ. ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು ಅವನಿಗೆ ಡಿಕ್ರಿಯ ದಿನದಿಂದ 30 ದಿನಗಳ ಅವಧಿಯುಂಟು. ನಕಲು ಪಡೆಯಲು ಹಿಡಿದ ಕಾಲವನ್ನು ಈ ಲೆಕ್ಕದಿಂದ ಬಿಡಲಾಗುವುದು. ಗಡುವು ದಾಟಿದರೆ, 1963ರ ಕಾಲಪರಿಮಿತಿ ಅಧಿನಿಯಮದ 5ನೆಯ ಕಲಮಿನಂತೆ ‘ಸಾಕಷ್ಟು ಕಾರಣ’ವನ್ನು ತೋರಿಸಿ, ವಿಳಂಬವನ್ನು ಮನ್ನಿಸಬೇಕೆಂದು ಕೇಳಿಕೊಳ್ಳಬೇಕು. ಮನ್ನಿಸುವುದೂ ಬಿಡುವುದೂ ನ್ಯಾಯಾಧೀಶರ ವಿವೇಚನೆಗೆ ಸೇರಿದ್ದು. ಅವರು ನಿರಾಕರಿಸಿದ ಪಕ್ಷದಲ್ಲಿ, ಮೇಲಿನ ನ್ಯಾಯಾಲಯವು ಆ ನಿರಾಕರಣೆಯನ್ನು ಯಾವಾಗ ರದ್ದುಪಡಿಸಬಹುದು? ಗದ್ದೆಯ ಹಕ್ಕು ಮರುವಿಚಾರಣೆಗೆ ಬರುವುದೋ ಇಲ್ಲವೋ ಎಂಬುದು ಈ ಪ್ರಶ್ನೆಯ ಮೇಲೆ ನಿಂತಿದೆ.

ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರವು 1998ರ ಎನ್. ಬಾಲಕೃಷ್ಣನ್ ಪ್ರಕರಣದ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಬಂದುದು. ಕೆಳಗಿನ ನ್ಯಾಯಾಲಯವು ವಿಳಂಬವನ್ನು ಮನ್ನಿಸಿದ್ದರೆ ಮೇಲಿನದು ಸಾಮಾನ್ಯವಾಗಿ ಕೈಹಾಕಬಾರದು. ನಿರಾಕರಿಸಿದ್ದರೆ ಮಾತ್ರ ಕಾರಣವನ್ನು ಹೊಸದಾಗಿ ಪರಿಶೀಲಿಸಲು ಅದು ಸ್ವತಂತ್ರವಾಗಿದೆ ಎಂಬುದು ಅದರ ಸಾರ.

ಶಾಸನವನ್ನು ಯಾರು, ಯಾವ ಸಂದರ್ಭದಲ್ಲಿ ಬರೆಯಿಸಿದರೆಂದು ಮೊದಲು ಕೇಳುವುದು ಇತಿಹಾಸದ ಅಭ್ಯಾಸಿಗಳ ಕ್ರಮ. ತೀರ್ಪನ್ನೂ ಹಾಗೆಯೇ ಓದಬೇಕೆಂದು ನಮ್ಮ ಅಭಿಪ್ರಾಯ. ಆ ಪ್ರಕರಣದಲ್ಲಿ ವಿಳಂಬವು 883 ದಿನಗಳು. ವಕೀಲರ ಅಲಕ್ಷ್ಯವೇ ಕಾರಣವೆಂಬ ವಿವರಣೆಯನ್ನು ಮೊದಲ ನ್ಯಾಯಾಲಯವು ಒಪ್ಪಿತ್ತು; ಮದರಾಸು ಉಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು; ಸರ್ವೋಚ್ಚ ನ್ಯಾಯಾಲಯವು 10,000 ರೂಪಾಯಿಗಳ ಖರ್ಚನ್ನು ವಿಧಿಸಿ ಮೊದಲಿನ ಮನ್ನಣೆಯನ್ನು ಮತ್ತೆ ಎತ್ತಿಹಿಡಿಯಿತು. ಎಂದರೆ ಅಲ್ಲಿ ತೀರ್ಮಾನವಾದುದು ಮನ್ನಿಸಿದ ಆಜ್ಞೆಯ ವಿಚಾರ. ಮೊದಲ ನ್ಯಾಯಾಲಯದ ನಿರಾಕರಣೆಯನ್ನು ಕುರಿತ ಮಾತು ಕೇವಲ ಪ್ರಾಸಂಗಿಕೋಕ್ತಿ. ಅದು ಗೌರವಾರ್ಹವೇ ಹೌದು. ಆದರೆ ಸ್ವತಂತ್ರವೆಂಬ ಆ ಪದವು ಯಾವ ಅಳತೆಗೋಲನ್ನೂ ಕೊಡುವುದಿಲ್ಲ.

ಅಳತೆಗೋಲು ದೊರೆಯುವುದು ನಿರಾಕರಣೆಯೇ ನಿಜವಾಗಿ ಪ್ರಶ್ನೆಗೊಳಗಾದ ಎರಡು ತೀರ್ಪುಗಳಲ್ಲಿ. 1961ರ ರೇವಾ ಕಲ್ಲಿದ್ದಲ ಗಣಿಗಳ ಪ್ರಕರಣದಲ್ಲಿ ಮೇಲ್ಮನವಿಯು ಒಂದೇ ದಿನ ತಡವಾಗಿತ್ತು, ಕಾರಣ ಅನಾರೋಗ್ಯ. ಗಡುವಿನ ಉದ್ದಕ್ಕೂ ಶ್ರದ್ಧೆಯಿಂದಿದ್ದುದನ್ನು ತೋರಿಸಲಿಲ್ಲವೆಂದು ಕೆಳಗಿನ ನ್ಯಾಯಾಲಯವು ನಿರಾಕರಿಸಿತು. ಕೊನೆಯ ದಿನದವರೆಗೆ ಕಾಯುವುದು ಪಕ್ಷಗಾರನ ಹಕ್ಕು, ವಿವರಿಸಬೇಕಾದುದು ಗಡುವು ಮುಗಿದಲ್ಲಿಂದ ಆದ ವಿಳಂಬವನ್ನು ಎಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ಇಲ್ಲಿನ ದೋಷವು ತಪ್ಪು ಒರೆಗಲ್ಲು. 1987ರ ಅನಂತನಾಗದ ಭೂಸ್ವಾಧೀನ ಪ್ರಕರಣದಲ್ಲಿ ಸರಕಾರದ ಮೇಲ್ಮನವಿಯು ನಾಲ್ಕು ದಿನ ತಡವಾಗಿತ್ತು. ಮನ್ನಿಸಿದರೆ ಹೆಚ್ಚೆಂದರೆ ವ್ಯಾಜ್ಯವು ಗುಣಾವಗುಣಗಳ ಮೇಲೆ ತೀರ್ಮಾನವಾಗುವುದು, ನಿರಾಕರಿಸಿದರೆ ನ್ಯಾಯವೇ ಹೊಸಿಲಿನಲ್ಲಿ ಸೋಲಬಹುದು ಎಂಬ ತಾರತಮ್ಯವು ಅಲ್ಲಿ ಸ್ಪಷ್ಟವಾಯಿತು. ಇಲ್ಲಿನ ದೋಷವು ಪರಿಣಾಮವನ್ನು ತೂಗದಿರುವುದು.

ಹಾಗೆಂದು ಮೇಲಿನ ನ್ಯಾಯಾಲಯವು ಕೇವಲ ಕನಿಕರದಿಂದ ಬಾಗಿಲು ತೆರೆಯಲಾಗದು. ಗಡುವು ಕಳೆದೊಡನೆ ಎದುರು ಪಕ್ಷಕ್ಕೂ ಒಂದು ಹಕ್ಕು ಹುಟ್ಟುತ್ತದೆ. ಗದ್ದೆ ತನ್ನದಾಯಿತೆಂದು ನಂಬಿ ಉತ್ತವನೂ ರೈತನೇ. ಕರ್ನಾಟಕ ಗೃಹ ಮಂಡಳಿಯ 3966 ದಿನಗಳ ವಿಳಂಬವನ್ನು ನಮ್ಮ ಉಚ್ಚ ನ್ಯಾಯಾಲಯವು ಮನ್ನಿಸಿದ್ದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ರದ್ದುಪಡಿಸಿತು. ಮನ್ನಣೆಯ ಆಜ್ಞೆಯೂ ಅಭೇದ್ಯವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಆದುದರಿಂದ ನಮ್ಮ ನಿಲುವು ಇಷ್ಟು: ಕೆಳಗಿನ ನ್ಯಾಯಾಧೀಶರು ತಪ್ಪು ಒರೆಗಲ್ಲನ್ನು ಹಿಡಿದಿದ್ದರೆ, ಕೊಟ್ಟ ವಿವರಣೆಯನ್ನು ನೋಡದೆ ದಿನಗಳನ್ನು ಮಾತ್ರ ಎಣಿಸಿದ್ದರೆ, ಅಥವಾ ಇಬ್ಬರಿಗೂ ಆಗುವ ನಷ್ಟವನ್ನು ತೂಗದಿದ್ದರೆ ನಿರಾಕರಣೆಯು ಉರುಳಬೇಕು. ಈ ಮೂರೂ ಇಲ್ಲದಿದ್ದಲ್ಲಿ ಅದು ನಿಲ್ಲಬೇಕು. ಉರುಳಿಸುವ ನ್ಯಾಯಾಲಯವು ಕಂಡ ದೋಷ ಯಾವುದೆಂದು ತೀರ್ಪಿನಲ್ಲಿ ಹೆಸರಿಸಲಿ. ಹಾಗೆ ಹೆಸರಿಸಿದಲ್ಲಿ, ಸೋತ ರೈತನಿಗೂ ಗೆದ್ದವನಿಗೂ ತಮಗೆ ದೊರೆತುದು ನ್ಯಾಯವೆಂದು ತಿಳಿಯುವುದು.