ಮೋಚಿಗಳು ಮುನಿದ ಅರಮನೆ

ಇಟಲಿಯ ಅರಮನೆಯಂತೆ ಸಾಲುಸಾಲು ಕಿಟಕಿಗಳು; ಒಳಗೆ ಮಾತ್ರ ತೊಗಲಿನ ವಾಸನೆ. ಇಂಗ್ಲೆಂಡಿನ ನಾರ್ಥಾಂಪ್ಟನ್‌ನ ಕ್ಯಾಂಬೆಲ್ ಸ್ಕ್ವೇರ್‌ನಲ್ಲಿ 1850ರ ದಶಕದ ಕೊನೆಗೆ ತಲೆಯೆತ್ತಿದ ಮ್ಯಾನ್‌ಫೀಲ್ಡ್ ಬೂಟಿನ ಕಾರ್ಖಾನೆಯ ಠೀವಿಯೇ ಹಾಗಿತ್ತು.

ಅದು ಎದ್ದಾಗ ಊರೇನೂ ಹಿಗ್ಗಲಿಲ್ಲ. ಅಲ್ಲಿಯವರೆಗೆ ಬೂಟು ಹುಟ್ಟುತ್ತಿದ್ದುದು ಮನೆಮನೆಯಲ್ಲಿ: ಗಂಡ ತೊಡೆಯ ಮೇಲೆ ಅಚ್ಚು ಇಟ್ಟು ಅಟ್ಟೆ ಹೊಲಿಯುವನು, ಹೆಂಡತಿ ಮಕ್ಕಳು ಮೇಲ್ದೊಗಲು ಜೋಡಿಸುವರು. ಮೇಲ್ದೊಗಲಿಗೆ ಹೊಲಿಗೆ ಯಂತ್ರ ಬಂದಾಗ ಅನ್ನಕ್ಕೇ ಕುತ್ತೆಂದು ಮೋಚಿಗಳು ಮುಷ್ಕರ ಹೂಡಿದರು. ಗೆದ್ದದ್ದು ಯಂತ್ರ.

ಆದರೂ ಕೈಯ ಜಾಣ್ಮೆ ಅಳಿಯಲಿಲ್ಲ. ತೊಗಲು ಕತ್ತರಿಸುವವನಿಗೆ ಅಲ್ಲಿ 'ಕ್ಲಿಕರ್' ಎಂದು ಹೆಸರು; ಕತ್ತಿಯ ಸದ್ದಿನಿಂದ ಬಂದದ್ದಂತೆ. ಯಾವ ಕಡೆ ಹಿಗ್ಗುತ್ತದೆ, ಎಲ್ಲಿ ಗಾಯದ ಕಲೆಯಿದೆ ಎಂದು ಬೆರಳಲ್ಲೇ ಸವರಿ ನೋಡಿ, ಒಂದು ತುಣುಕೂ ಹಾಳಾಗದಂತೆ ಕೊಯ್ಯಬೇಕು. ನಮ್ಮ ಮೋಚಿಯ ರಂಪಿಗೆಗೂ ಇದೇ ಶಿಸ್ತು.

1982ರಲ್ಲಿ ಕಟ್ಟಡವನ್ನು ಕೆಡವಿದರು. ಇಟ್ಟಿಗೆ ಹೋಯಿತು, ಕಸುಬು ಉಳಿಯಿತು: ನಾರ್ಥಾಂಪ್ಟನ್‌ನಲ್ಲಿ ಇಂದಿಗೂ ಒಳ್ಳೆಯ ಬೂಟು ಹೊಲಿಯುತ್ತಾರೆ. ಊರಿನ ಫುಟ್‌ಬಾಲ್ ತಂಡದ ಅಡ್ಡಹೆಸರು ಈಗಲೂ 'ಕಾಬ್ಲರ್ಸ್', ಅಂದರೆ ಮೋಚಿಗಳು.