ಬಾಯಿ ಬಿಗಿದ ಕುದುರೆ

ಕುದುರೆಗೆ ಕಡಿವಾಣ ತೊಡಿಸುವ ಬಗೆಯನ್ನು ವಿವರಿಸುವ ಹಳೆಯ ಪುಸ್ತಕಗಳಲ್ಲಿ ಗ್ರೀಸಿನ ಕ್ಸೆನೊಫೋನನದು ಮುಖ್ಯವಾದದ್ದು. ಕ್ರಿ.ಪೂ. 4ನೇ ಶತಮಾನದಲ್ಲಿ ಬರೆದ ಈ ದಂಡನಾಯಕನಿಗೆ ರಿಕಾಪಾಗಲಿ ಮರದ ಚೌಕಟ್ಟಿನ ಜೀನಾಗಲಿ ಗೊತ್ತಿರಲಿಲ್ಲ. ಆದರೂ ಅವನ ಒಂದು ಸೂಚನೆ ಇನ್ನೂ ಹಳತಾಗಿಲ್ಲ: ಕಡಿವಾಣವನ್ನು ತೀರಾ ಎಳೆದು ಕಟ್ಟಿದರೆ ಬಾಯಿಯ ಅಂಚು ಜಡ್ಡುಗಟ್ಟುತ್ತದೆ, ತೀರಾ ಇಳಿಬಿಟ್ಟರೆ ಕುದುರೆ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸವಾರನ ಮಾತು ಮೀರುತ್ತದೆ. ಸರಿತಪ್ಪನ್ನು ಅವನು ಕುದುರೆಯ ಬಾಯಲ್ಲೇ ಹುಡುಕಿದ. ಇಂದಿನ ವಾದಗಳನ್ನೂ ಅಲ್ಲಿಂದಲೇ ತೂಗಬೇಕು.

ಎಡಗಡೆಯಿಂದಲೇ ತೊಡಿಸಬೇಕೆ, ಜೀನು ಮೊದಲೋ ಕಡಿವಾಣ ಮೊದಲೋ ಎಂಬ ಚರ್ಚೆಗಳು ರೂಢಿಗೆ ಸೇರಿದವು. ಅವು ಹೇಗೆ ತೀರ್ಮಾನವಾದರೂ ಕುದುರೆಗೆ ದೊಡ್ಡ ನಷ್ಟವಿಲ್ಲ. ನಿಜವಾದ ಭಿನ್ನಮತ ಇರುವುದು ಮೂಗು, ದವಡೆಗಳ ಸುತ್ತ ಕಟ್ಟುವ ಮೂಗುಪಟ್ಟಿಯ ವಿಷಯದಲ್ಲಿ. ಪಟ್ಟಿಗೂ ಮೂಗಿನ ಎಲುಬಿಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗವಿರಬೇಕೆಂಬುದು ಹಳೆಯ ನಿಯಮ. ಕುದುರೆಯ ತರಬೇತಿ, ನಡಿಗೆಗಳಿಗೆ ಅಂಕ ಕೊಡುವ ಡ್ರೆಸಾಜ್ ಸ್ಪರ್ಧೆಯಲ್ಲಿ ಕುದುರೆ ಬಾಯಿ ತೆರೆದರೆ ಅಂಕ ಹೋಗುತ್ತದೆ. ಹಾಗಾಗಿ ಪಟ್ಟಿಯನ್ನು ಬಿಗಿಯುವ ಅಭ್ಯಾಸ ಬೆಳೆಯಿತು. ಲಗಾಮು ನೋಯಿಸಿದಾಗ ಬಾಯಿ ತೆರೆಯುವುದು ಕುದುರೆಯ ದೂರು. ಪಟ್ಟಿ ಬಿಗಿದರೆ ದೂರು ಅಡಗುತ್ತದೆ, ನೋವು ಉಳಿಯುತ್ತದೆ, ನೋಡುವವರಿಗೆ ಅದು ವಿಧೇಯತೆಯಂತೆ ಕಾಣುತ್ತದೆ. ಈ ಪದ್ಧತಿಯನ್ನು ಯಾವ ಪರಂಪರೆಯ ಹೆಸರಿನಲ್ಲೂ ಸಮರ್ಥಿಸಲಾಗದು.

ಬಾಯಲ್ಲಿ ಲೋಹವೇ ಬೇಡ ಎನ್ನುವವರ ಕಳಕಳಿ ಪ್ರಾಮಾಣಿಕವಾದದ್ದು. ಆದರೆ ಲೋಹ ತೆಗೆದ ಮಾತ್ರಕ್ಕೆ ಒತ್ತಡ ಹೋಗುವುದಿಲ್ಲ. ಅದು ಮೂಗಿಗೆ, ದವಡೆಗೆ, ಕಿವಿಯ ಹಿಂದಿನ ನೆತ್ತಿಗೆ ಸರಿಯುತ್ತದೆ. ಬಾಯಿಗೆ ಏನನ್ನೂ ಇಡದೆ ಸನ್ನೆಗೋಲಿನ ಬಲದಿಂದ ಮೂಗನ್ನು ಒತ್ತುವ ಹ್ಯಾಕಮೋರ್ ಎಂಬ ಸಾಧನ ಒರಟು ಕೈಗೆ ಸಿಕ್ಕರೆ ಮೂಗಿನ ತೆಳು ಎಲುಬನ್ನು ನೋಯಿಸಬಲ್ಲದು. ಇನ್ನೊಂದೆಡೆ, ಕ್ಯಾಲಿಫೋರ್ನಿಯಾದ ದನಗಾಹಿ ಸವಾರರ, ಬಾಯೊಳಗೆ ಚಮಚದಂತೆ ಚಾಚುವ ಲೋಹದ ಸ್ಪೇಡ್ ಬಿಟ್ ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆ ಪರಂಪರೆಯಲ್ಲಿ ಕುದುರೆಯನ್ನು ಮೊದಲು ಮೂಗುಹಗ್ಗದಲ್ಲಿ ಪಳಗಿಸಿ, ವರ್ಷಗಟ್ಟಲೆ ತರಬೇತಿ ಕೊಟ್ಟ ಬಳಿಕವಷ್ಟೇ ಅದನ್ನು ಬಾಯಿಗಿಡುತ್ತಾರೆ. ಲಗಾಮು ಸಡಿಲವಾಗಿಯೇ ತೂಗುತ್ತಿರುತ್ತದೆ. ಕುದುರೆ ಉತ್ತರ ಕೊಟ್ಟ ಗಳಿಗೆಯಲ್ಲೇ ಸಡಿಲಿಸುವ ಕೈ ಇಲ್ಲದಿದ್ದರೆ ಯಾವ ಸಾಧನವೂ ಸೌಮ್ಯವಲ್ಲ.

ಜೀನಿನ ವಿಷಯದಲ್ಲೂ ಇದೇ ಮಾತು. ದಿನವಿಡೀ ದನ ಕಾಯುವವರ ವೆಸ್ಟರ್ನ್ ಜೀನು ಭಾರವನ್ನು ಅಗಲಕ್ಕೆ ಹಂಚುತ್ತದೆ. ಇಂಗ್ಲಿಷ್ ಜೀನು ಹಗುರ, ಜಿಗಿತಕ್ಕೆ ಅನುಕೂಲ. ಎರಡೂ ಅವುಗಳ ಕೆಲಸಕ್ಕೆ ಸರಿ. ಹೆಗಲೆಲುಬಿನ ಚಲನೆಗೆ ಅಡ್ಡ ಬರುವಂತೆ ಮುಂದಕ್ಕಿಟ್ಟ ಜೀನು, ಬೆನ್ನೆಲುಬಿಗೆ ತಾಗುವ ಜೀನು, ಕೊನೆಯ ಪಕ್ಕೆಲುಬನ್ನು ದಾಟಿ ಹಿಂದೆ ಚಾಚಿದ ಜೀನು ಮಾತ್ರ ಎಲ್ಲಿಯದಾದರೂ ತಪ್ಪೇ. ಅಳತೆಗೆ ಕೂರದ ಜೀನಿನ ಕೆಳಗೆ ದಪ್ಪ ಮೆತ್ತೆ ತುಂಬುವುದು ಪರಿಹಾರವಲ್ಲ. ಇಕ್ಕಟ್ಟಾದ ಬೂಟಿನೊಳಗೆ ಇನ್ನೊಂದು ಜೊತೆ ಕಾಲುಚೀಲ ಹಾಕಿದಂತಾಗುತ್ತದೆ. ಬಹುಕಾಲ ಒತ್ತಿದಲ್ಲಿ ಮೂಡುವ ಬಿಳಿ ಕೂದಲು, ಹೊಟ್ಟೆಪಟ್ಟಿ ಬಿಗಿಯುವಾಗ ಹಿಂದಕ್ಕೆ ಮಡಚುವ ಕಿವಿ ಯಾವ ಕೈಪಿಡಿಗಿಂತಲೂ ಸ್ಪಷ್ಟವಾದ ಸಾಕ್ಷಿ.

ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ 2025ರಲ್ಲಿ ಮೂಗುಪಟ್ಟಿಯ ಸಡಿಲ ಅಳೆಯಲು ಏಕರೂಪದ ಸಾಧನ ತಂದಿದ್ದು ಸ್ವಾಗತಾರ್ಹ. ಬೆರಳಿನ ದಪ್ಪ ಒಬ್ಬೊಬ್ಬರದು ಒಂದೊಂದು. ಅಳತೆ ಎಲ್ಲರಿಗೂ ಒಂದೇ. ಆದರೆ ಬಿಗಿಯಲು ಪ್ರೇರಣೆ ಕೊಡುವ ಅಂಕಪದ್ಧತಿ ಹಾಗೇ ಉಳಿದರೆ ಈ ಸುಧಾರಣೆ ಅರ್ಧಕ್ಕೇ ನಿಲ್ಲುತ್ತದೆ. ತೆರೆದ ಬಾಯಿಗೆ ಅಂಕ ಕಳೆಯುವ ತೀರ್ಪುಗಾರರು ಅದನ್ನು ತೆರೆಸಿದ ಕೈಯನ್ನೂ ಅಷ್ಟೇ ಕಟ್ಟುನಿಟ್ಟಾಗಿ ನೋಡಬೇಕು.