ಬಣ್ಣ ಬಿಟ್ಟ ಪದ

ಹಳೆಯ ಇಂಗ್ಲಿಷಿನಲ್ಲಿ 'ಬ್ಲ್ಯಾಕ್' ಅಂದರೆ ಕಪ್ಪು. ಸ್ವರ ಎಳೆದು 'ಬ್ಲಾಕ್' ಅಂದರೆ ಬಿಳಿಚಿದ್ದು, ಹೊಳೆಯೋದು. ಮುಂದೆ ಇವೆರಡೂ ಬೆರೆತು, ಕೆಲವು ಸಾಲುಗಳಲ್ಲಿ ಯಾವುದು ಯಾವುದೆಂದು ಪಂಡಿತರೇ ತಡಕಾಡುತ್ತಾರೆ. ತಡಕಾಡಲಿ ಬಿಡಿ. ಕೇಡು, ಕೊಳಕು ಅನ್ನೋ ಅರ್ಥ ಮೆತ್ತಿದ ಆ ಪದವನ್ನು ಮನುಷ್ಯರ ಚರ್ಮಕ್ಕೆ ಬಳಿದದ್ದು ನನಗೆ ಮುಖ್ಯ. 1966ರಲ್ಲಿ ಸ್ಟೋಕ್ಲಿ ಕಾರ್ಮೈಕಲ್ 'ಬ್ಲ್ಯಾಕ್ ಪವರ್' ಅಂತ ಕೂಗಿದಾಗ ಆ ಬೈಗುಳವೇ ಎದೆಯುಬ್ಬಿಸುವ ಹೆಸರಾಯ್ತು. ನ್ಯೂಯಾರ್ಕ್ ಟೈಮ್ಸ್ ಅದಕ್ಕೆ ದೊಡ್ಡಕ್ಷರ ಕೊಟ್ಟದ್ದು 2020ರಲ್ಲಿ!

ಅದೇ 1966ರ ಬ್ಲ್ಯಾಕ್ ಪ್ಯಾಂಥರ್‌ಗಳನ್ನು ನೋಡಿ 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಪ್ಯಾಂಥರ್ ಉಳೀತು, ಬಣ್ಣ ಹೋಯ್ತು. ನಮ್ಮಲ್ಲಿ ಜಾತಿಯನ್ನು ಚರ್ಮ ನೋಡಿ ಹೇಳೋಕಾಗಲ್ಲ, ಕೇರಿ ಕೇಳಬೇಕು. ದಲಿತ ಕಾವ್ಯವನ್ನು ಕರಿಯರ ಕಾವ್ಯದ ನೆರಳೆಂದು ಓದುವ ನಮ್ಮ ವಿಮರ್ಶಕರು ಈ ಒಂದು ಪದ ಬದಲಾದದ್ದನ್ನು ನೋಡಲೇ ಇಲ್ಲ.